ಗಲ್ಫಿನ ಪೆಟ್ಟಿಗೆ: ಕರಾವಳಿಗೆ ಬಂದ ವಿದ್ಯುನ್ಮಾನ ಸರಕಿನ ಚರಿತ್ರೆ

ಕರ್ನಾಟಕದ ಕರಾವಳಿಯ ಆಧುನಿಕ ಚರಿತ್ರೆಯನ್ನು ಬರೆದವರು ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆಗಳಿಗೆ, ಬ್ಯಾಂಕುಗಳ ಹುಟ್ಟಿಗೆ, ಭೂಸುಧಾರಣೆಗೆ ಮತ್ತು ನವಮಂಗಳೂರು ಬಂದರಿಗೆ ಕೊಟ್ಟಷ್ಟು ಗಮನವನ್ನು, 1970ರ ದಶಕದಿಂದ ಮುಂದಕ್ಕೆ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದವರು ರಜೆಗೆ ಬರುವಾಗ ಹೊತ್ತು ತಂದ ರೇಡಿಯೊ, ಟೇಪ್ ರೆಕಾರ್ಡರ್, ಟಿವಿ ಮತ್ತು ವಿಸಿಆರ್‌ಗಳಿಗೆ ಕೊಟ್ಟಿಲ್ಲ. ಈ ವಸ್ತುಗಳನ್ನು ಶೋಕಿಯ ಸಾಮಾನು ಎಂದೋ ಹೊಸ ದುಡ್ಡಿನ ಪ್ರದರ್ಶನ ಎಂದೋ ಕಾಣುವುದು ರೂಢಿಯಾಗಿದೆ. ಆದರೆ ಸುಮಾರು ಕಾಲು ಶತಮಾನದಷ್ಟು ಕಾಲ ಭಾರತದ ಸಾಮಾನ್ಯ ಕುಟುಂಬವೊಂದಕ್ಕೆ ಜಪಾನಿನಲ್ಲಿ ತಯಾರಾದ ಯಂತ್ರವೊಂದು ಕಾನೂನುಬದ್ಧವಾಗಿ ದೊರೆಯಲು ಇದ್ದ ದಾರಿ ಬಹುಮಟ್ಟಿಗೆ ಒಂದೇ ಆಗಿತ್ತು. ಅದು ಹೊರದೇಶದಲ್ಲಿ ದುಡಿಯುವ ಬಂಧುವಿನ ಪೆಟ್ಟಿಗೆ. ಆ ಪೆಟ್ಟಿಗೆಯೊಳಗಿನ ಖರೀದಿಯನ್ನು ರೂಪಿಸಿದ್ದು ಕೊಂಡವನ ಆಸೆಯೊಂದೇ ಅಲ್ಲ. ದುಬೈಯ ಮುಕ್ತ ಬಂದರು, ಜಪಾನಿನ ಕೈಗಾರಿಕೆ ಮತ್ತು ಭಾರತದ ಸುಂಕದ ಗೋಡೆ ಎಂಬ ಮೂರು ಶಕ್ತಿಗಳು ಸಂಧಿಸಿದ ಜಾಗದಲ್ಲಿ ಕರಾವಳಿಯ ದುಡಿಮೆಗಾರ ನಿಂತಿದ್ದನು, ಮತ್ತು ಆ ಮೂರರ ಲೆಕ್ಕವನ್ನೂ ಅವನು ತನ್ನ ಸಂಬಳದಿಂದಲೇ ತೀರಿಸಬೇಕಾಗಿತ್ತು.

ಕೊಲ್ಲಿಯೊಂದಿಗೆ ಭಾರತದ ಪಶ್ಚಿಮ ತೀರದ ಸಂಬಂಧ ತೈಲಕ್ಕಿಂತ ಬಹಳ ಹಳೆಯದು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಹಡಗುಗಳು ಮುಂಬಯಿಯಿಂದ ಹೊರಟು ಕರಾಚಿ, ಮಸ್ಕತ್, ದುಬೈ, ಬಹರೈನ್, ಕುವೈತ್‌ಗಳಲ್ಲಿ ನಿಲ್ಲುತ್ತ ಬಸ್ರಾ ತಲುಪುತ್ತಿದ್ದವು, ಮತ್ತು ಈ ಮಾರ್ಗದ ಕೊನೆಯ ಹಡಗಾದ ‘ದ್ವಾರಕಾ’ 1982ರವರೆಗೂ ಪ್ರಯಾಣಿಕರನ್ನು ಸಾಗಿಸಿತು. ಕೊಲ್ಲಿಯ ಹಲವು ಶೇಖ್ ಸಂಸ್ಥಾನಗಳಲ್ಲಿ ಚಲಾವಣೆಯಲ್ಲಿದ್ದ ನಾಣ್ಯವೂ ಭಾರತದ ರೂಪಾಯಿಯೇ ಆಗಿತ್ತು. ರೂಪಾಯಿಯನ್ನು ಅಲ್ಲಿಗೆ ಸಾಗಿಸಿ ಅದರಿಂದ ಚಿನ್ನ ಕೊಂಡು ಕಳ್ಳದಾರಿಯಲ್ಲಿ ಭಾರತಕ್ಕೆ ತರುವ ವ್ಯವಹಾರ ಹೆಚ್ಚಿದ್ದರಿಂದ, 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಭಾರತದ ಹೊರಗೆ ಮಾತ್ರ ನಡೆಯುವ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. ಇವಕ್ಕೆ ‘ಗಲ್ಫ್ ರೂಪಾಯಿ’ ಎಂಬ ಹೆಸರು ಬಂತು. 1961ರಲ್ಲಿ ಕುವೈತ್ ತನ್ನದೇ ದಿನಾರನ್ನು ತಂದಿತು, ಮತ್ತು 1966ರ ಜೂನ್‌ನಲ್ಲಿ ಭಾರತವು ಡಾಲರಿಗೆ 4.76 ಇದ್ದ ರೂಪಾಯಿಯ ಬೆಲೆಯನ್ನು 7.50ಕ್ಕೆ ಇಳಿಸಿದಾಗ ದುಬೈ, ಕತಾರ್‌ಗಳೂ ರೂಪಾಯಿಯನ್ನು ಕೈಬಿಟ್ಟವು. ಹೀಗೆ ಒಂದೇ ನಾಣ್ಯದ ಕಟ್ಟಿನಲ್ಲಿದ್ದ ಎರಡು ತೀರಗಳ ನಡುವೆ ವಿನಿಮಯ ದರವೆಂಬ ಹೊಸ ಅಂತರ ಹುಟ್ಟಿಕೊಂಡಿತು; ಮುಂದಿನ ದಶಕಗಳಲ್ಲಿ ಯಾವ ವಸ್ತುವನ್ನು ಎಲ್ಲಿ ಕೊಳ್ಳಬೇಕು ಎಂಬ ಲೆಕ್ಕವೆಲ್ಲ ಈ ಅಂತರದ ಮೇಲೆಯೇ ನಿಂತಿತು.

1973ರ ಅಕ್ಟೋಬರ್‌ನ ಅರಬ್-ಇಸ್ರೇಲ್ ಯುದ್ಧದ ಬಳಿಕ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟು ಏರಿದ್ದು ಈ ಕಥೆಯ ದೊಡ್ಡ ತಿರುವು. ರಸ್ತೆ, ಬಂದರು, ಆಸ್ಪತ್ರೆ, ವಸತಿ ಎಲ್ಲವನ್ನೂ ಏಕಕಾಲಕ್ಕೆ ಕಟ್ಟಲು ಹೊರಟ ಕೊಲ್ಲಿ ರಾಷ್ಟ್ರಗಳಿಗೆ ಕೈಗಳು ಬೇಕಾಗಿದ್ದವು. ಅವಿಭಜಿತ ದಕ್ಷಿಣ ಕನ್ನಡ ಮತ್ತು ಉತ್ತರ ಕನ್ನಡದ ಭಟ್ಕಳ ಮೊದಲಾದ ಕಡೆಗಳಿಂದ ಮುಂಬಯಿಯ ಹೋಟೆಲು, ಗಿರಣಿ, ಕಚೇರಿಗಳಿಗೆ ಹೋಗುವ ಪದ್ಧತಿ ಆಗಲೇ ಬೇರೂರಿತ್ತು. ಮುಂಬಯಿಯಲ್ಲಿ ನೆಲೆಸಿದ್ದ ಅಣ್ಣನ ಅಥವಾ ಮಾವನ ಖೋಲಿಯಲ್ಲಿ ಇಳಿದುಕೊಂಡು, ವೀಸಾ ಕೊಡಿಸುವ ಏಜೆಂಟನನ್ನು ಕಂಡು, ಅಲ್ಲಿಂದ ಕೊಲ್ಲಿಗೆ ವಿಮಾನ ಹತ್ತುವುದು ಆ ಹಳೆಯ ವಲಸೆಯ ಮುಂದುವರಿಕೆಯೇ ಆಗಿತ್ತು. ಮರಗೆಲಸದವರು, ಎಲೆಕ್ಟ್ರಿಷಿಯನ್‌ಗಳು, ಚಾಲಕರು, ಅಡುಗೆಯವರು, ಗುಮಾಸ್ತರು, ದಾದಿಯರು ಹೀಗೆ ಹೊರಟವರಲ್ಲಿ ತುಳು, ಕೊಂಕಣಿ, ಬ್ಯಾರಿ, ನವಾಯತಿ, ಕನ್ನಡ ಮಾತಾಡುವ ಎಲ್ಲ ಸಮುದಾಯಗಳ ಜನರಿದ್ದರು.

ಇವರಲ್ಲಿ ಅನೇಕರು ಸರಕು ಕೊಂಡದ್ದು ದುಬೈಯಲ್ಲಿ, ಅಥವಾ ದುಬೈಯಿಂದ ಸರಕು ತರಿಸಿಕೊಳ್ಳುತ್ತಿದ್ದ ನೆರೆಯ ಪೇಟೆಗಳಲ್ಲಿ. ದುಬೈ ಎಲೆಕ್ಟ್ರಾನಿಕ್ ವಸ್ತುಗಳನ್ನು ತಯಾರಿಸುತ್ತಿರಲಿಲ್ಲ. ಅದರ ಕಸುಬು ಮರುರಫ್ತು, ಅಂದರೆ ಒಂದು ದೇಶದಿಂದ ಬಂದ ಸರಕನ್ನು ಹಾಗೆಯೇ ಇನ್ನೊಂದು ದೇಶಕ್ಕೆ ಮಾರುವುದು. 20ನೆಯ ಶತಮಾನದ ಆರಂಭದಲ್ಲಿ ಇರಾನಿನ ಲಿಂಗಾ ಬಂದರಿನಲ್ಲಿ ಸುಂಕದ ಬಿಗಿ ಹೆಚ್ಚಿದಾಗ, ಆಮದು ಸುಂಕವನ್ನು ತೆಗೆದುಹಾಕಿದ್ದ ದುಬೈ ಅಲ್ಲಿನ ವರ್ತಕರನ್ನು ತನ್ನೆಡೆಗೆ ಸೆಳೆದುಕೊಂಡಿತ್ತು. ಸುಂಕ ಕಡಿಮೆ ಇಟ್ಟು ವ್ಯಾಪಾರ ಹೆಚ್ಚಿಸುವ ಆ ನೀತಿಯನ್ನು ನಂತರದ ಆಡಳಿತಗಾರರೂ ಬಿಡಲಿಲ್ಲ. ದುಬೈ ಊರೊಳಗೆ ಚಾಚಿದ್ದ, ಹೂಳು ತುಂಬುತ್ತಿದ್ದ ಸಮುದ್ರದ ಖಾರಿಯನ್ನು 1960ರ ಆಸುಪಾಸಿನಲ್ಲಿ ಆಳಗೊಳಿಸಲಾಯಿತು, 1972ರಲ್ಲಿ ರಶೀದ್ ಬಂದರು ಮತ್ತು 1979ರಲ್ಲಿ ಜೆಬೆಲ್ ಅಲಿ ಬಂದರು ತೆರೆದವು, 1983ರ ಡಿಸೆಂಬರ್‌ನಲ್ಲಿ ವಿಮಾನ ನಿಲ್ದಾಣದ ಸುಂಕಮುಕ್ತ ಮಳಿಗೆ ಆರಂಭವಾಯಿತು, 1985ರಲ್ಲಿ ಜೆಬೆಲ್ ಅಲಿ ಮುಕ್ತ ವಲಯ ಸ್ಥಾಪನೆಯಾಯಿತು. ಜಪಾನಿನಿಂದ ಹಡಗಿನಲ್ಲಿ ಬಂದ ಟೇಪ್ ರೆಕಾರ್ಡರಿಗೆ ಇಲ್ಲಿ ಬೀಳುತ್ತಿದ್ದ ತೆರಿಗೆಯ ಹೊರೆ ಅತ್ಯಲ್ಪವಾಗಿದ್ದರಿಂದ, ಅದರ ಬೆಲೆ ಕೆಲವೊಮ್ಮೆ ತಯಾರಾದ ದೇಶದ ಚಿಲ್ಲರೆ ಬೆಲೆಗೆ ಹತ್ತಿರವೇ ಇರುತ್ತಿತ್ತು.

ಈ ವ್ಯಾಪಾರದಲ್ಲಿ ಭಾರತೀಯ ವರ್ತಕರ, ವಿಶೇಷವಾಗಿ ಸಿಂಧಿಗಳ ಪಾತ್ರ ದೊಡ್ಡದು. 1919ರಲ್ಲಿ ಬಸ್ರಾದಲ್ಲಿ ಆರಂಭವಾಗಿ ಕೊಲ್ಲಿಯ ಊರೂರಿಗೆ ಹಬ್ಬಿದ ಜಶನ್‌ಮಲ್ ಅಂಗಡಿಗಳು ತೈಲಪೂರ್ವ ಕಾಲಕ್ಕೆ ಸೇರಿದವು. 1974ರಲ್ಲಿ ಮನು ಛಾಬ್ರಿಯಾ ದುಬೈಯಲ್ಲಿ ಕಟ್ಟಿದ ಜಂಬೋ ಎಲೆಕ್ಟ್ರಾನಿಕ್ಸ್ ಸೋನಿ ವಸ್ತುಗಳ ವಿತರಣೆಯಿಂದ ಬೆಳೆಯಿತು. ದೇರಾ ಭಾಗದ ಸಬ್ಖಾ ರಸ್ತೆ, ನಾಸರ್ ಚೌಕ ಮತ್ತು ಖಾರಿಯ ಆಚೆ ದಡದ ಬರ್ ದುಬೈಯ ಫಹೀದಿ ಬೀದಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೆಸರಾದವು. ಗುರುವಾರ ಸಂಜೆ ಮತ್ತು ವಾರದ ರಜೆಯಾದ ಶುಕ್ರವಾರ ಈ ಬೀದಿಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಂಗಡಿಯವರು ಹಿಂದಿ ಮತ್ತು ಮಲಯಾಳದಲ್ಲೇ ವ್ಯವಹರಿಸುತ್ತಿದ್ದುದರಿಂದ ಅರಬ್ಬಿ ಬಾರದ ಕರಾವಳಿಯ ಕೆಲಸಗಾರನಿಗೂ ಚೌಕಾಶಿಗೆ ತೊಡಕಿರಲಿಲ್ಲ. ನಾಲ್ಕು ಅಂಗಡಿಗಳಲ್ಲಿ ‘ಲಾಸ್ಟ್ ಪ್ರೈಸ್’ ಕೇಳಿ, ಕೊನೆಗೆ ಮೊದಲಿನ ಅಂಗಡಿಗೇ ಮರಳಿ, ಬೆಲೆಯ ಮೇಲೆ ಒಂದು ಕ್ಯಾಸೆಟ್ ಪೊಟ್ಟಣವನ್ನೋ ಇಸ್ತ್ರಿಪೆಟ್ಟಿಗೆಯನ್ನೋ ಹೆಚ್ಚಿಗೆ ಪಡೆಯುವುದು ಅಲ್ಲಿನ ಕ್ರಮವಾಗಿತ್ತು.

ಇತ್ತ ಭಾರತದಲ್ಲಿ ಚಿತ್ರ ತೀರ ಬೇರೆಯಾಗಿತ್ತು. 1947ರ ಆಮದು ಮತ್ತು ರಫ್ತು ನಿಯಂತ್ರಣ ಕಾಯ್ದೆಯಡಿ ಪರವಾನಗಿ ಇಲ್ಲದೆ ಸರಕು ತರಿಸುವಂತಿರಲಿಲ್ಲ, ಮತ್ತು ಗೃಹಬಳಕೆಯ ವಸ್ತುಗಳಿಗೆ ಅಂಥ ಪರವಾನಗಿ ಸಿಗುತ್ತಿರಲಿಲ್ಲವೆಂದೇ ಹೇಳಬೇಕು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ ಡಾಲರಿನ ಪ್ರತಿಯೊಂದು ಬಳಕೆಗೂ ಲೆಕ್ಕ ಕೇಳುತ್ತಿತ್ತು. ವಿದೇಶಿ ವಿನಿಮಯದ ಕೊರತೆಯಿದ್ದ ದೇಶವು ಅದನ್ನು ಯಂತ್ರೋಪಕರಣ, ಗೊಬ್ಬರ, ತೈಲಗಳಿಗೆ ಮೀಸಲಿಟ್ಟದ್ದಕ್ಕೆ ಕಾರಣಗಳಿದ್ದವು. ಆದರೂ ಅದರಿಂದಾಗಿ ಅಂಗಡಿಯಲ್ಲಿ ಸಿಗುವ ಸ್ವದೇಶಿ ಯಂತ್ರಗಳು ಕಡಿಮೆ, ದುಬಾರಿ ಮತ್ತು ತಂತ್ರಜ್ಞಾನದಲ್ಲಿ ಹಿಂದೆ ಬಿದ್ದವು ಆಗಿದ್ದವು. ಕಾನೂನಿನಲ್ಲಿ ಉಳಿದಿದ್ದ ಮುಖ್ಯ ದಾರಿಯೆಂದರೆ 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಹೇಳಿರುವ ‘ಬ್ಯಾಗೇಜು’. ಪ್ರಯಾಣಿಕನೊಬ್ಬನು ತನ್ನ ಅಥವಾ ಕುಟುಂಬದ ನಿಜವಾದ ಬಳಕೆಗೆ, ಇಲ್ಲವೇ ಉಡುಗೊರೆಗೆ ತನ್ನೊಡನೆ ತರುವ ವಸ್ತುಗಳನ್ನು ಆಮದು ಪರವಾನಗಿಯಿಲ್ಲದೆ ಒಳಗೆ ಬಿಡಲಾಗುತ್ತಿತ್ತು. ಒಂದು ಮಿತಿಯವರೆಗೆ ಸುಂಕವಿಲ್ಲ, ಅದರಾಚೆಗೆ ಭಾರಿ ಸುಂಕ. ವಿದೇಶದಲ್ಲಿ ಕನಿಷ್ಠ ಎರಡು ವರ್ಷ ನೆಲೆಸಿ ಕಾಯಂ ಆಗಿ ಹಿಂದಿರುಗುವವರಿಗೆ ‘ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್’, ಅಂದರೆ ವಾಸಸ್ಥಳ ಬದಲಾವಣೆ ಎಂಬ ಪ್ರತ್ಯೇಕ ರಿಯಾಯಿತಿ ಇತ್ತು. ಮನೆಬಳಕೆಯ ದೊಡ್ಡ ಯಂತ್ರಗಳನ್ನು ತರಲು ಅದೇ ಆಸರೆ. ವಿದೇಶಿ ಹಣವನ್ನು ಗಳಿಸುವ ಮತ್ತು ಬ್ಯಾಗೇಜಿನ ಹಕ್ಕುಳ್ಳ ವ್ಯಕ್ತಿ ಒಬ್ಬನೇ ಆಗಿದ್ದುದರಿಂದ, ಕೊಲ್ಲಿಯ ನೌಕರನು ತನ್ನ ಮನೆಗೆ ಮಾತ್ರವಲ್ಲ, ಇಡೀ ಬಳಗಕ್ಕೇ ಖರೀದಿದಾರನಾದನು.

ಕೊಳ್ಳುವಾಗ ಅವನು ತಿಳಿದಿರಬೇಕಾದ ವಿಷಯಗಳು ಅನೇಕವಿದ್ದವು. ಮೊದಲನೆಯದು ವಿದ್ಯುತ್ತು. ದುಬೈ, ಕುವೈತ್‌ಗಳ ವಿದ್ಯುತ್ತು ಭಾರತದಂತೆಯೇ 220ರಿಂದ 240 ವೋಲ್ಟ್, 50 ಹರ್ಟ್ಸ್. ಆದರೆ ಸೌದಿ ಅರೇಬಿಯದಲ್ಲಿ 127 ವೋಲ್ಟ್, 60 ಹರ್ಟ್ಸಿನ ಸರಬರಾಜು ವ್ಯಾಪಕವಾಗಿತ್ತು. ಆದ್ದರಿಂದ ರಿಯಾದಿನ ಬತ್ಹಾ ಪೇಟೆಯಲ್ಲಿ ಕೊಳ್ಳುವವನು ಯಂತ್ರದ ಹಿಂಬದಿಯಲ್ಲಿ ವೋಲ್ಟೇಜು ಬದಲಿಸುವ ಸಣ್ಣ ತಿರುಪು ಇದೆಯೇ ಎಂದು ನೋಡಲೇಬೇಕಿತ್ತು. ಊರಿಗೆ ಬಂದು ಆ ತಿರುಪನ್ನು 220ಕ್ಕೆ ತಿರುಗಿಸಲು ಮರೆತರೆ ಮೊದಲ ದಿನವೇ ಯಂತ್ರ ಸುಟ್ಟು ಹೋಗುವ ಅಪಾಯವಿತ್ತು. ಕೊಲ್ಲಿಯ ಬಹುಪಾಲು ದೇಶಗಳ ಪ್ಲಗ್ಗಿನ ಪಿನ್ನುಗಳು ಬ್ರಿಟಿಷ್ ಮಾದರಿಯ ಚಪ್ಪಟೆ ಪಿನ್ನುಗಳು, ಭಾರತದವು ದುಂಡು ಪಿನ್ನುಗಳು; ಹೀಗಾಗಿ ತಂದ ಯಂತ್ರಕ್ಕೆ ಊರಿನ ಎಲೆಕ್ಟ್ರಿಷಿಯನ್ ಮಾಡುತ್ತಿದ್ದ ಮೊದಲ ಕೆಲಸ ಆ ಪ್ಲಗ್ಗನ್ನು ಕತ್ತರಿಸಿ ಬೇರೆಯದನ್ನು ಕಟ್ಟುವುದು.

ಎರಡನೆಯದು ಟಿವಿ ಪದ್ಧತಿ. ಬಣ್ಣದ ಚಿತ್ರವನ್ನು ಸಂಕೇತವಾಗಿಸಿ ಕಳುಹಿಸಲು ಜಗತ್ತಿನಲ್ಲಿ ಮೂರು ವಿಧಾನಗಳಿದ್ದವು. ಅಮೆರಿಕ, ಜಪಾನುಗಳ ಎನ್‌ಟಿಎಸ್‌ಸಿ 525 ಗೆರೆಗಳ ಚಿತ್ರವನ್ನೂ, ಭಾರತ ಹಾಗೂ ಕೊಲ್ಲಿಯ ಬಹುತೇಕ ದೇಶಗಳ ಪಾಲ್ ಮತ್ತು ಫ್ರಾನ್ಸಿನ ಸೆಕಾಮ್ 625 ಗೆರೆಗಳ ಚಿತ್ರವನ್ನೂ ಬಳಸುತ್ತಿದ್ದವು. ಸೌದಿ ಅರೇಬಿಯ ಸೆಕಾಮ್ ಅನ್ನು ಆರಿಸಿಕೊಂಡಿದ್ದರಿಂದ ಅಲ್ಲಿಗೆಂದೇ ತಯಾರಾದ ಟಿವಿಯಲ್ಲಿ ದೂರದರ್ಶನದ ಚಿತ್ರವು ಬಣ್ಣವಿಲ್ಲದೆ ಕಾಣುವ ಸಂಭವವಿತ್ತು. ಈ ತೊಡಕಿಗೆ ಪರಿಹಾರವಾಗಿ ಜಪಾನಿನ ಕಂಪನಿಗಳು ಕೊಲ್ಲಿಯ ಪೇಟೆಗೆ ‘ಮಲ್ಟಿ ಸಿಸ್ಟಮ್’ ಯಂತ್ರಗಳನ್ನು, ಅಂದರೆ ಮೂರೂ ಪದ್ಧತಿಗಳನ್ನು ಓದಬಲ್ಲ ಟಿವಿ ಮತ್ತು ವಿಸಿಆರ್‌ಗಳನ್ನು ಕಳುಹಿಸಿದವು. ನಾನಾ ದೇಶಗಳ ವಲಸಿಗರು ಒಂದೇ ಬೀದಿಯಲ್ಲಿ ಕೊಂಡು ತಂತಮ್ಮ ಊರಿಗೆ ಒಯ್ಯುವ ಪೇಟೆ ಅದಾಗಿದ್ದುದರಿಂದಲೇ ಇಂಥ ಯಂತ್ರಗಳಿಗೆ ಅಲ್ಲಿ ಅಷ್ಟು ಬೇಡಿಕೆ ಬಂತು. ಟಿವಿ ಖರೀದಿಯಲ್ಲಿ ಮೋಸ ಹೋಗದವನೆಂದರೆ ಪೆಟ್ಟಿಗೆ ಬಿಚ್ಚಿಸಿ, ಹಿಂಬದಿಯ ತಗಡಿನ ಮೇಲೆ ‘ಮೇಡ್ ಇನ್ ಜಪಾನ್’ ಎಂಬ ಅಕ್ಷರಗಳನ್ನೂ ಪದ್ಧತಿಗಳ ಹೆಸರನ್ನೂ ಓದಿ, ಹೆಸರಾಂತ ಕಂಪನಿಯ ಹೆಸರಿನಲ್ಲಿ ಒಂದು ಅಕ್ಷರ ಬದಲಿಸಿದ ನಕಲಿ ಮಾಲಲ್ಲವೆಂದು ಖಚಿತಪಡಿಸಿಕೊಂಡು, ಗ್ಯಾರಂಟಿ ಕಾರ್ಡಿಗೆ ಅಂಗಡಿಯ ಮೊಹರು ಹಾಕಿಸಿಕೊಂಡವನು.

ಕೊಳ್ಳುವ ವಸ್ತುಗಳಲ್ಲಿ ಮೊದಲ ಸ್ಥಾನ ‘ಟೂ-ಇನ್-ವನ್’ಗೆ, ಅಂದರೆ ರೇಡಿಯೊ ಮತ್ತು ಕ್ಯಾಸೆಟ್ ರೆಕಾರ್ಡರು ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರಕ್ಕೆ. ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಪರಿಚಯಿಸಿದ ಸಣ್ಣ ಕ್ಯಾಸೆಟ್ಟಿನ ವಿನ್ಯಾಸವನ್ನು ಇತರ ತಯಾರಕರಿಗೂ ಬಳಸಲು ಬಿಟ್ಟದ್ದರಿಂದ ಅದು ಜಗತ್ತಿನ ಸಾಮಾನ್ಯ ಅಳತೆಯಾಯಿತು. ಅದನ್ನು ನುಡಿಸುವ ಯಂತ್ರವನ್ನು ಅಗ್ಗವೂ ಗಟ್ಟಿಮುಟ್ಟೂ ಆಗಿಸಿದವರು ನ್ಯಾಷನಲ್ ಪ್ಯಾನಾಸೋನಿಕ್, ಸಾನ್ಯೊ, ಶಾರ್ಪ್, ಹಿಟಾಚಿ, ಸೋನಿ ಮೊದಲಾದ ಜಪಾನಿ ತಯಾರಕರು. ಟೂ-ಇನ್-ವನ್ ದಪ್ಪ ಬ್ಯಾಟರಿ ಸೆಲ್ಲುಗಳಿಂದಲೂ ನಡೆಯುತ್ತಿದ್ದುದರಿಂದ ವಿದ್ಯುತ್ತು ಬಾರದ ಹಳ್ಳಿಮನೆಗೂ ಅದು ಹೊಂದುತ್ತಿತ್ತು. ಅದರ ಮಧ್ಯಮ ತರಂಗದಲ್ಲಿ 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯೂ ಕಿರುತರಂಗದಲ್ಲಿ ದೂರದ ಕೇಂದ್ರಗಳೂ ಕೇಳುತ್ತಿದ್ದವು. ಎಫ್‌ಎಂ ಪಟ್ಟಿ ಮಾತ್ರ ಕರಾವಳಿಯಲ್ಲಿ ವರ್ಷಗಟ್ಟಲೆ ಮೌನವಾಗಿತ್ತು, ಏಕೆಂದರೆ 1977ರಲ್ಲಿ ಮದರಾಸಿನಲ್ಲಿ ಆರಂಭವಾದ ಎಫ್‌ಎಂ ಪ್ರಸಾರ ದೇಶದ ಉಳಿದೆಡೆ ಹರಡಲು ಬಹಳ ಕಾಲ ಹಿಡಿಯಿತು.

ಟೂ-ಇನ್-ವನ್‌ನ ನಿಜವಾದ ಬೆಲೆ ಇದ್ದದ್ದು ಅದರ ಕೆಂಪು ಬಣ್ಣದ ರೆಕಾರ್ಡಿಂಗ್ ಗುಂಡಿಯಲ್ಲಿ. ದೂರವಾಣಿ ಕರೆ ದುಬಾರಿಯಾಗಿದ್ದ, ಟ್ರಂಕ್ ಕಾಲ್ ಕಾಯ್ದಿರಿಸಿ ಅಂಚೆ ಕಚೇರಿಯಲ್ಲಿ ಗಂಟೆಗಟ್ಟಲೆ ಕೂರಬೇಕಿದ್ದ ಆ ಕಾಲದಲ್ಲಿ, ಕೊಲ್ಲಿಯ ಲೇಬರ್ ಕ್ಯಾಂಪಿನ ಮಂಚದ ಮೇಲೆ ಕುಳಿತವನು 60 ನಿಮಿಷದ ಕ್ಯಾಸೆಟ್ಟಿನ ಒಂದು ಬದಿಯಲ್ಲಿ ತಾಯಿಗೆ, ಇನ್ನೊಂದು ಬದಿಯಲ್ಲಿ ಹೆಂಡತಿಗೆ ಮಾತಾಡಿ, ಊರಿಗೆ ಹೊರಟ ಪರಿಚಯದವನ ಕೈಯಲ್ಲಿ ಅದನ್ನು ಕಳುಹಿಸುತ್ತಿದ್ದನು. ಮನೆಯವರು ಅದನ್ನು ಒಟ್ಟಿಗೆ ಕೇಳಿ, ಮಗುವಿನ ತೊದಲು ಮಾತು, ಅಜ್ಜಿಯ ಬೈಗುಳ, ದನದ ಕೂಗು, ಮಳೆಯ ಸದ್ದು ಎಲ್ಲವೂ ಸೇರಿದ ಉತ್ತರವನ್ನು ತುಂಬಿ ಹಿಂದಕ್ಕೆ ಕಳುಹಿಸುತ್ತಿದ್ದರು. ಓದು ಬರಹ ಬಾರದ ತಾಯಂದಿರು ಕಾಗದ ಬರೆಸಲು ನೆರೆಮನೆಯವರ ಮುಂದೆ ಮನೆಯ ಗುಟ್ಟು ಬಿಚ್ಚಬೇಕಾದ ಸಂಕೋಚದಿಂದ ಈ ಯಂತ್ರ ಅವರನ್ನು ಬಿಡಿಸಿತು. ಬರಹದಲ್ಲಿ ವಿರಳವಾಗಿ ಬಳಕೆಯಾಗುತ್ತಿದ್ದ ಬ್ಯಾರಿ, ನವಾಯತಿ, ತುಳು ಮಾತುಗಳು ಪತ್ರವ್ಯವಹಾರದ ಭಾಷೆಗಳಾದದ್ದು ಬಹುಮಟ್ಟಿಗೆ ಈ ಕ್ಯಾಸೆಟ್ಟುಗಳಲ್ಲಿಯೇ.

ವಿಸಿಆರ್, ಅಂದರೆ ದೃಶ್ಯವನ್ನು ಟೇಪಿನ ಮೇಲೆ ದಾಖಲಿಸಿ ಮತ್ತೆ ತೋರಿಸುವ ಯಂತ್ರ, ಎರಡನೆಯ ಅಲೆಯಲ್ಲಿ ಬಂತು. ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ, ಜೆವಿಸಿಯ ವಿಎಚ್‌ಎಸ್ 1976ರಲ್ಲಿ ಪೇಟೆಗೆ ಬಂದು, ಒಂದರ ಕ್ಯಾಸೆಟ್ಟು ಇನ್ನೊಂದರಲ್ಲಿ ಓಡದೆ, ಕೊಳ್ಳುವವರನ್ನು ಕೆಲ ಕಾಲ ಗೊಂದಲದಲ್ಲಿಟ್ಟವು. ಮೂರು ಗಂಟೆಯ ‘ಇ-180’ ಟೇಪಿನಲ್ಲಿ ಒಂದು ಪೂರ್ಣ ಸಿನಿಮಾ ಹಿಡಿಸುತ್ತಿದ್ದ ವಿಎಚ್‌ಎಸ್ ಕೊನೆಗೆ ಗೆದ್ದಿತು. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾಗಿ, 1982ರ ಆಗಸ್ಟ್ 15ರಂದು ದೇಶದಲ್ಲಿ ಬಣ್ಣದ ಪ್ರಸಾರ ಮೊದಲಾದರೂ, ಕರಾವಳಿಯ ಎಷ್ಟೋ ಊರುಗಳನ್ನು ಪ್ರಸಾರದ ಅಲೆಗಳು ಮುಟ್ಟಿರಲಿಲ್ಲ. 1983ರಲ್ಲಿ ಹಾರಿದ ಇನ್ಸಾಟ್-1ಬಿ ಉಪಗ್ರಹ ಮತ್ತು ಅದರ ಬೆನ್ನಿಗೆ ಬಂದ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ಆ ಕೊರತೆಯನ್ನು ತುಂಬುವವರೆಗೆ ಅಲ್ಲಿನ ಟಿವಿ ಎಂದರೆ ವಿಸಿಆರ್‌ಗೆ ಜೋಡಿಸಿದ ಪರದೆಯೇ. ಗಲ್ಫಿನಿಂದ ಬಂದ ಯಂತ್ರವಿರುವ ಮನೆಯ ಅಂಗಳದಲ್ಲಿ ಚಾಪೆ ಹಾಸಿ ಕೇರಿಯವರೆಲ್ಲ ಸಿನಿಮಾ ನೋಡುವುದು, ಪೇಟೆಯಲ್ಲಿ ಕ್ಯಾಸೆಟ್ ಬಾಡಿಗೆಯ ಅಂಗಡಿಗಳು ತೆರೆಯುವುದು, ಟಿಕೇಟು ಪಡೆದು ತೋರಿಸುವ ವಿಡಿಯೊ ಮಂದಿರಗಳು ಹುಟ್ಟುವುದು ಒಂದರ ಹಿಂದೆ ಒಂದಾಗಿ ನಡೆದವು. ಚಿತ್ರೋದ್ಯಮದ ನಷ್ಟದ ಕೂಗಿಗೆ ಓಗೊಟ್ಟು ಸಂಸತ್ತು 1984ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು ವಿಡಿಯೊ ನಕಲಿಗೆ ಶಿಕ್ಷೆಯನ್ನು ಬಿಗಿಗೊಳಿಸಿತು. ಇದೇ ಯಂತ್ರದಿಂದಾಗಿ ಮದುವೆಯ ವಿಡಿಯೊ ಎಂಬ ಹೊಸ ಕಸುಬೂ ಬೆಳೆಯಿತು. ರಜೆ ಸಿಗದೆ ತಂಗಿಯ ಮದುವೆಗೆ ಬರಲಾಗದ ಅಣ್ಣನು ತಿಂಗಳ ಬಳಿಕ ಆ ಕ್ಯಾಸೆಟ್ಟನ್ನು ಕ್ಯಾಂಪಿನ ಗೆಳೆಯರೊಡನೆ ಕುಳಿತು ನೋಡುತ್ತಿದ್ದನು.

ವಸ್ತುಗಳನ್ನು ಕೊಳ್ಳುವುದಕ್ಕಿಂತ ಊರಿಗೆ ತಲುಪಿಸುವುದು ಕಷ್ಟದ ಕೆಲಸವಾಗಿತ್ತು. ಮಂಗಳೂರಿನ ಬಜಪೆ ನಿಲ್ದಾಣ 1951ರಿಂದಲೂ ಇದ್ದರೂ ಅಲ್ಲಿಂದ ದುಬೈಗೆ ನೇರ ವಿಮಾನ ಆರಂಭವಾದದ್ದು 2006ರಲ್ಲಿ. ಅದುವರೆಗೆ ಕರಾವಳಿಯ ಹೆಚ್ಚಿನವರಿಗೆ ಮುಂಬಯಿಯೇ ಹೆಬ್ಬಾಗಿಲು. ವಿಮಾನದಲ್ಲಿ ಒಬ್ಬನಿಗೆ ಬಿಡುವ ತೂಕಕ್ಕೆ ಮಿತಿಯಿದ್ದುದರಿಂದ ಪೆಟ್ಟಿಗೆ ಕಟ್ಟುವುದೇ ಒಂದು ವಿದ್ಯೆಯಾಯಿತು. ಯಂತ್ರವನ್ನು ಅದರದೇ ಥರ್ಮಕೋಲಿನಲ್ಲಿ ಕೂರಿಸಿ, ಸುತ್ತಲಿನ ಖಾಲಿ ಜಾಗಕ್ಕೆ ಸೀರೆ, ಪಾಲಿಯೆಸ್ಟರ್ ಬಟ್ಟೆ, ಸೋಪು, ಹಾಲಿನ ಪುಡಿಯ ಪೊಟ್ಟಣಗಳನ್ನು ತುರುಕಿ, ಹೊರಗೆ ನೈಲಾನ್ ಹಗ್ಗವನ್ನು ಅಡ್ಡ ಉದ್ದ ಬಿಗಿದು, ನಾಲ್ಕೂ ಬದಿಗೆ ಮಾರ್ಕರ್ ಪೆನ್ನಿನಿಂದ ಹೆಸರು ಮತ್ತು ಊರನ್ನು ಬರೆಯಲಾಗುತ್ತಿತ್ತು. ಮುಂಬಯಿಯ ಸಹಾರ್ ನಿಲ್ದಾಣದಲ್ಲಿ ಸುಂಕ ಕಟ್ಟಬೇಕಾದ ವಸ್ತುವಿರುವವರು ರೆಡ್ ಚಾನೆಲ್‌ನ ಸಾಲಿನಲ್ಲಿ ನಿಂತು ಅಧಿಕಾರಿಯ ಮುಂದೆ ಹಗ್ಗ ಬಿಚ್ಚಬೇಕಿತ್ತು. ಬಳಸಿದ ವಸ್ತುವಿಗೆ ಒಂದು ಲೆಕ್ಕ, ಹೊಸದಕ್ಕೆ ಇನ್ನೊಂದು. ರಸೀದಿಯಲ್ಲಿರುವ ಬೆಲೆ ಒಂದು, ಅಧಿಕಾರಿ ಕಟ್ಟುವ ಬೆಲೆ ಮತ್ತೊಂದು. ಎರಡು ವರ್ಷ ಬಿಸಿಲಿನಲ್ಲಿ ದುಡಿದು ಬಂದವನು ಆ ಮೇಜಿನ ಮುಂದೆ ಅಪರಾಧಿಯಂತೆ ನಿಲ್ಲಬೇಕಾಗಿ ಬಂದದ್ದು ವಲಸೆಯ ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿ. ಅಲ್ಲಿಂದ ಮುಂದೆ, 1998ರಲ್ಲಿ ಕೊಂಕಣ ರೈಲು ಪೂರ್ಣವಾಗುವವರೆಗೆ, ಆ ಪೆಟ್ಟಿಗೆಗಳು ರಾತ್ರಿ ಬಸ್ಸಿನ ನೆತ್ತಿಯ ಮೇಲೆ ಟಾರ್ಪಾಲು ಹೊದ್ದು ಪಶ್ಚಿಮ ಘಟ್ಟದ ಅಂಚಿನ ಹೆದ್ದಾರಿಯಲ್ಲಿ ಪ್ರಯಾಣ ಮಾಡುತ್ತಿದ್ದವು.

ಬಂದ ವಸ್ತುಗಳೆಲ್ಲ ಮನೆಯಲ್ಲೇ ಉಳಿಯುತ್ತಿರಲಿಲ್ಲ. ಮನೆ ಕಟ್ಟಲು, ಮದುವೆಗೆ, ಮರುಪ್ರಯಾಣದ ಟಿಕೇಟಿಗೆ ನಗದು ಬೇಕಾದಾಗ ಅವುಗಳಲ್ಲಿ ಕೆಲವು ಮಾರಾಟವಾಗುತ್ತಿದ್ದವು. ಭಾರತದ ಪೇಟೆಯಲ್ಲಿ ವಿದೇಶಿ ಯಂತ್ರಕ್ಕೆ ಸಿಗುತ್ತಿದ್ದ ಬೆಲೆ ಕೊಂಡ ಬೆಲೆಗಿಂತ ಎಷ್ಟೋ ಹೆಚ್ಚಿದ್ದುದರಿಂದ ಟೂ-ಇನ್-ವನ್ ಒಂದು ಬಗೆಯ ಉಳಿತಾಯವೂ ಆಗಿತ್ತು. ಹೀಗೆ ಬ್ಯಾಗೇಜಿನಲ್ಲಿ ಬಂದದ್ದೂ, ಅರಬ್ಬಿ ಸಮುದ್ರದ ಮೇಲೆ ಕಳ್ಳಸಾಗಣೆಯಲ್ಲಿ ಬಂದದ್ದೂ ಬೆರೆತು ‘ಫಾರಿನ್ ಸಾಮಾನಿನ’ ಅಂಗಡಿಗಳು ಹುಟ್ಟಿದವು. ಭಟ್ಕಳದ ಪೇಟೆ ಇಂಥ ಸಾಮಾನಿಗೆ ದೂರದೂರಕ್ಕೆ ಹೆಸರಾಯಿತು. ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್, ಮದರಾಸಿನ ಬರ್ಮಾ ಬಜಾರ್, ಮುಂಬಯಿಯ ಮನೀಶ್ ಮಾರ್ಕೆಟ್ ಇದೇ ಬಗೆಯವು. ಈ ಯಂತ್ರಗಳ ರಿಪೇರಿಯೂ ಹೊಸ ಕಸುಬನ್ನು ಹುಟ್ಟಿಸಿತು. ಕರಾವಳಿಯ ಮಳೆಗಾಲದ ತೇವಕ್ಕೆ ಟೇಪುಗಳಿಗೆ ಬೂಷ್ಟು ಹಿಡಿಯುತ್ತಿತ್ತು, ವಿಸಿಆರ್‌ನ ಹೆಡ್ಡು ಕೊಳೆಯಾಗಿ ಚಿತ್ರ ಮಂಜಾಗುತ್ತಿತ್ತು, ವೋಲ್ಟೇಜು ಏರಿಳಿದು ಯಂತ್ರ ಕೆಡುತ್ತಿತ್ತು. ಕಂಪನಿಯ ಗ್ಯಾರಂಟಿ ಭಾರತದಲ್ಲಿ ನಡೆಯುತ್ತಿರಲಿಲ್ಲವಾದ್ದರಿಂದ, ಬಿಡಿಭಾಗಗಳಿಲ್ಲದೆಯೂ ಯಂತ್ರವನ್ನು ಓಡಿಸಿ ಕೊಡುವ ರಿಪೇರಿಗಾರರು ಊರೂರಿನಲ್ಲಿ ತಯಾರಾದರು. ತಾಂತ್ರಿಕ ಶಾಲೆಗಳ ಪಟ್ಟಿಯಲ್ಲಿಲ್ಲದ ಈ ಕಲಿಕೆ ಕರಾವಳಿಗೆ ಗಲ್ಫ್ ಕೊಟ್ಟ ಕಾಣಿಕೆಗಳಲ್ಲಿ ಒಂದು.

ಈ ಸಂಪತ್ತಿಗೆ ತೆತ್ತ ಬೆಲೆಯನ್ನು ಮರೆಯಬಾರದು. ರಜೆಯ ದಿನ ಗೊತ್ತಾಗುತ್ತಲೇ ಊರಿನಿಂದ ಕಾಗದದಲ್ಲಿ ಪಟ್ಟಿ ಬರುತ್ತಿತ್ತು: ಭಾವನಿಗೆ ಟೂ-ಇನ್-ವನ್, ಚಿಕ್ಕಪ್ಪನಿಗೆ ವಾಚು, ಮೇಷ್ಟರಿಗೆ ಕ್ಯಾಲ್ಕುಲೇಟರ್, ಅತ್ತಿಗೆಗೆ ಮಿಕ್ಸಿ. ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟರೂ ವರ್ಷಗಳ ಮುನಿಸು ಖಚಿತವಾಗಿದ್ದರಿಂದ, ಅನೇಕರು ಸಾಲ ಮಾಡಿ ಸಾಮಾನು ಕೊಂಡು, ರಜೆ ಮುಗಿಸಿ ಹಿಂದಿರುಗಿ ಆ ಸಾಲ ತೀರಿಸಲು ಇನ್ನೊಂದು ವರ್ಷ ದುಡಿಯುತ್ತಿದ್ದರು. ಹೊರಗಿನವರ ಕಣ್ಣಿಗೆ ಬಿದ್ದದ್ದು ಮನೆಗೆ ಬಂದ ಯಂತ್ರ. ಅದನ್ನು ತಂದವನು ಎಂಟು ಜನರ ಕೋಣೆಯಲ್ಲಿ ಮಲಗಿ, ಊಟದಲ್ಲಿ ಉಳಿಸಿ, ಶುಕ್ರವಾರವೂ ಓವರ್‌ಟೈಮ್ ಮಾಡಿದ್ದು ಕಾಣಲಿಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಭಾರತವು ಅಮ್ಮಾನ್ ಮೂಲಕ 1,70,000ಕ್ಕೂ ಹೆಚ್ಚು ಜನರನ್ನು ವಿಮಾನಗಳಲ್ಲಿ ಕರೆತಂದಿತು. ಹಾಗೆ ಬಂದವರಲ್ಲಿ ಕರಾವಳಿಯ ಕುಟುಂಬಗಳೂ ಇದ್ದವು. ವರ್ಷಗಟ್ಟಲೆ ಕೂಡಿಸಿಟ್ಟ ಮನೆಸಾಮಾನನ್ನು ಬಿಟ್ಟು ಕೈಚೀಲವೊಂದರೊಡನೆ ಅವರು ಇಳಿದರು.

ಈ ಯುಗ ಮುಗಿದದ್ದು ಒಂದೇ ಕಾರಣದಿಂದಲ್ಲ. 1982ರ ನಂತರ ಬಿಪಿಎಲ್, ವಿಡಿಯೊಕಾನ್, ಒನಿಡಾ ಮೊದಲಾದ ಭಾರತೀಯ ಕಂಪನಿಗಳು ಜಪಾನಿ ತಂತ್ರಜ್ಞಾನದಿಂದ ಟಿವಿಗಳನ್ನು ತಯಾರಿಸತೊಡಗಿದವು. 1985ರಲ್ಲಿ ಐದು ಶ್ರೀಮಂತ ರಾಷ್ಟ್ರಗಳು ಮಾಡಿಕೊಂಡ ಪ್ಲಾಜಾ ಒಪ್ಪಂದದ ಬಳಿಕ ಜಪಾನಿನ ಯೆನ್ ದುಬಾರಿಯಾಗಿ, ಅಲ್ಲಿನ ಕಂಪನಿಗಳು ಕಾರ್ಖಾನೆಗಳನ್ನು ಮಲೇಷ್ಯಾ, ಥಾಯ್ಲೆಂಡ್‌ಗಳಿಗೆ ಒಯ್ದವು. ‘ಅಸಲಿ ಜಪಾನ್’ ಹುಡುಕುತ್ತಿದ್ದವರು ಪೆಟ್ಟಿಗೆಯ ಮೇಲೆ ಬೇರೆ ದೇಶದ ಹೆಸರು ಓದಬೇಕಾಯಿತು. ರೂಪಾಯಿಯ ಕುಸಿತವೂ ಲೆಕ್ಕವನ್ನು ಬದಲಿಸಿತು. 1980ರಲ್ಲಿ ಎರಡು ರೂಪಾಯಿಗಿಂತ ತುಸು ಹೆಚ್ಚಿದ್ದ ದಿರ್ಹಮ್ 1991ರ ಅಪಮೌಲ್ಯದ ನಂತರ ಏಳರ ಹತ್ತಿರಕ್ಕೆ ಬಂದಾಗ, ಸಾಮಾನು ಕೊಂಡೊಯ್ಯುವುದಕ್ಕಿಂತ ಹಣ ಕಳುಹಿಸುವುದೇ ಲಾಭವಾಯಿತು. ಉದಾರೀಕರಣದ ಬಳಿಕ ಸೋನಿ, ಸ್ಯಾಮ್‌ಸಂಗ್, ಎಲ್‌ಜಿ ಕಂಪನಿಗಳು ಭಾರತಕ್ಕೇ ಬಂದವು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅಮೆರಿಕ ಹೂಡಿದ ವ್ಯಾಜ್ಯದಲ್ಲಿ ಸೋತ ಭಾರತವು 2001ರ ಏಪ್ರಿಲ್ 1ಕ್ಕೆ ಗೃಹಬಳಕೆಯ ವಸ್ತುಗಳ ಮೇಲಿನ ಉಳಿದ ಆಮದು ನಿರ್ಬಂಧಗಳನ್ನೂ ತೆಗೆದುಹಾಕಿತು. ಬ್ಯಾಗೇಜು ಎಂಬ ಏಕೈಕ ಬಾಗಿಲಿನ ಮಹತ್ವ ಅಲ್ಲಿಗೆ ಮುಗಿಯಿತು.

ಆ ಹಳೆಯ ಪದ್ಧತಿ ಕೊನೆಯ ಸಲ ತಲೆಯೆತ್ತಿದ್ದು ಚಪ್ಪಟೆ ಪರದೆಯ ಟಿವಿಗಳ ಕಾಲದಲ್ಲಿ. ಸುಂಕಮುಕ್ತ ಮಿತಿ 35,000 ರೂಪಾಯಿ ಇದ್ದಾಗ ಕೊಲ್ಲಿಯಿಂದ ಬರುವವರು ಎಲ್‌ಸಿಡಿ ಟಿವಿಗಳನ್ನು ಹೊತ್ತು ತರತೊಡಗಿದರು. ರೂಪಾಯಿ ಪಾತಾಳಕ್ಕಿಳಿಯುತ್ತಿದ್ದ 2013ರ ಆಗಸ್ಟ್‌ನಲ್ಲಿ ಸರ್ಕಾರವು ಅವುಗಳನ್ನು ಸುಂಕಮುಕ್ತ ಪಟ್ಟಿಯಿಂದ ಕೈಬಿಟ್ಟಿತು. ಮಿತಿಯನ್ನು 50,000 ರೂಪಾಯಿಗೆ ಏರಿಸಿದ 2016ರ ಬ್ಯಾಗೇಜು ನಿಯಮಗಳೂ ಆ ನಿರ್ಬಂಧವನ್ನು ಉಳಿಸಿಕೊಂಡವು. ಇಂದು ದುಬೈಯಲ್ಲಿ ದುಡಿಯುವವನು ಫೋನು ಕೊಳ್ಳುವ ಮುನ್ನ ಎರಡೂ ದೇಶಗಳ ಬೆಲೆಯನ್ನು ಕ್ಷಣದಲ್ಲಿ ಹೋಲಿಸಬಲ್ಲನು, ಮತ್ತು ಗ್ಯಾರಂಟಿ, ತೆರಿಗೆಗಳನ್ನು ಲೆಕ್ಕ ಹಾಕಿ ಊರಿನಲ್ಲೇ ಕೊಳ್ಳುವುದು ಲೇಸೆಂದು ತೀರ್ಮಾನಿಸುವುದೂ ಉಂಟು.

ಕರಾವಳಿಯ ಹಳ್ಳಿಮನೆಗೆ ಧ್ವನಿಮುದ್ರಣ, ಬಣ್ಣದ ಪರದೆ, ವಿಡಿಯೊಗಳು ಬಂದದ್ದು ಸರ್ಕಾರದ ಯೋಜನೆಯಿಂದಲೂ ಅಲ್ಲ, ದೊಡ್ಡ ಉದ್ದಿಮೆಯ ದೂರದೃಷ್ಟಿಯಿಂದಲೂ ಅಲ್ಲ. ಸಂಬಳದಲ್ಲಿ ಉಳಿಸಿ, ಸುಂಕ ತೆತ್ತು, ಹೆಗಲ ಮೇಲೆ ಹೊತ್ತು ತಂದ ದುಡಿಮೆಗಾರರಿಂದ. ಈ ಚರಿತ್ರೆಯ ಆಧಾರಗಳು ಯಾವ ದಫ್ತರಖಾನೆಯಲ್ಲೂ ಇಲ್ಲ. ಅವು ಅಟ್ಟದ ಮೇಲಿನ ಟೂ-ಇನ್-ವನ್‌ನಲ್ಲಿ, ಕಪಾಟಿನಲ್ಲಿರುವ ಹಳೆಯ ಪಾಸ್‌ಪೋರ್ಟು ಮತ್ತು ಸುಂಕದ ರಸೀದಿಗಳಲ್ಲಿ, ಎಲ್ಲಕ್ಕಿಂತ ಮಿಗಿಲಾಗಿ ಮನೆಯವರ ದನಿ ತುಂಬಿರುವ ಕ್ಯಾಸೆಟ್ಟುಗಳಲ್ಲಿ ಇವೆ. ಕಾಂತೀಯ ಟೇಪು ತೇವಕ್ಕೆ ಅಂಟುಗಟ್ಟಿ, ಅದರ ಲೇಪ ಉದುರಿ ಹೋಗುತ್ತದೆ. ಹಾಗೆ ಹೋದ ದನಿಯನ್ನು ಮರಳಿ ಪಡೆಯಲಾಗದು. ಕರಾವಳಿಯ ವಿಶ್ವವಿದ್ಯಾಲಯಗಳು, ತುಳು, ಬ್ಯಾರಿ, ಕೊಂಕಣಿ ಅಕಾಡೆಮಿಗಳು ಮತ್ತು ಕೊಲ್ಲಿಯ ಕನ್ನಡ ಸಂಘಗಳು ಈ ಕ್ಯಾಸೆಟ್ಟುಗಳನ್ನು ಮನೆಯವರ ಒಪ್ಪಿಗೆ ಪಡೆದು ಡಿಜಿಟಲ್ ರೂಪಕ್ಕೆ ಇಳಿಸಿಕೊಳ್ಳುವ ಕೆಲಸವನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕು, ಮತ್ತು ಅಂಥ ಕ್ಯಾಸೆಟ್ಟು ಇರುವ ಮನೆಗಳವರು ಅದನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸಬೇಕು.